ಮರದ ಕಾಲಿನ ಎಕ್ಸ್‌ರೇ

ಜೋಡು ಹೊಲಿಯುವವರ ಬೀದಿಯಲ್ಲಿ ಈ ಕತೆ ಹೇಳುವವರು ಮೊದಲು ಕೇಳುಗನ ಕಾಲು ನೋಡುತ್ತಾರೆ, ಆಮೇಲೆ ಮುಖ. ಕಾಲಲ್ಲಿ ಒಳ್ಳೆಯ ಜೋಡಿದ್ದರೆ ಕತೆಯನ್ನು ಪೂರ್ತಿ ಹೇಳುತ್ತಾರೆ. ಇಲ್ಲದಿದ್ದರೆ ಅರ್ಧದಲ್ಲೇ ನಿಲ್ಲಿಸಿ ಅಳತೆಗೆ ಕೂರಿಸುತ್ತಾರೆ. ಇಲ್ಲಿರುವುದು ಪೂರ್ತಿ ಪಾಠ.

ಆ ಬೀದಿಯ ಮೂಲೆಯಂಗಡಿಯಲ್ಲಿ ಒಬ್ಬ ಮೇಸ್ತ್ರಿಯಿದ್ದ. ಅವನ ಅಂಗಡಿಯ ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಮರದ ಕಾಲುಗಳು. ಖಾಯಂ ಗಿರಾಕಿಗಳಿಗೆಲ್ಲ ಒಂದೊಂದು ಜೊತೆ ಅಚ್ಚು. ಅಚ್ಚಿನ ಕೊರಳಿಗೆ ದಾರದಲ್ಲಿ ಕಟ್ಟಿದ ಚೀಟಿ. ಗಿರಾಕಿಯ ಕಾಲಿಗೆ ಆಣಿಯೋ ಗಂಟೋ ಬಂದರೆ ಮೇಸ್ತ್ರಿ ಅಚ್ಚಿನ ಅದೇ ಜಾಗಕ್ಕೆ ಅಷ್ಟೇ ದಪ್ಪದ ತೊಗಲಿನ ತುಂಡನ್ನು ಮೊಳೆ ಹೊಡೆದು ಕೂರಿಸುತ್ತಿದ್ದ. ಆ ಅಚ್ಚಿನ ಮೇಲೆ ಹೊಲಿದ ಜೋಡಿನಲ್ಲಿ ಗಂಟಿಗೆ ಸರಿಯಾಗಿ ಒಂದು ಹಳ್ಳ ಉಳಿಯುತ್ತಿತ್ತು. ತೊಗಲು ಕೂರಿಸಿದ ತಾರೀಖನ್ನು ಪೆನ್ಸಿಲಿನಲ್ಲಿ ಬರೆಯುವುದು ಪದ್ಧತಿ, ಆದರೆ ತುಂಡಿನ ಮೇಲ್ಗಡೆಯಲ್ಲ, ಅಡಿಯಲ್ಲಿ. ಗಿರಾಕಿಯ ಕಾಲಿನ ಗುಟ್ಟು ಗಿರಾಕಿಯ ಕಣ್ಣಿಗೂ ಬೀಳಬಾರದು ಎಂಬುದು ಅವನ ಗುರು ಕಲಿಸಿದ ಮರ್ಯಾದೆ.

ಮೇಸ್ತ್ರಿಗೆ ಒಂದು ಜಂಬವಿತ್ತು. “ಮೊದಲಿಂದ ನಾನು ಹೊಲಿದ ಜೋಡೇ ಹಾಕಿದ ಕಾಲಿಗೆ ಗಂಟು ಬಂದ್ರೆ ಈ ಮೂಗು ಕೊಯ್ದು ಜೋಡಿನ ಅಟ್ಟೆಗೆ ಹಾಕ್ತೀನಿ” ಎನ್ನುತ್ತಿದ್ದ. ಹೀಗೆ ಹೇಳಿಕೊಂಡವನ ಬಲಗಾಲಿನ ಅಂಗಾಲಿನಲ್ಲೇ, ಪಾದ ಬಿಲ್ಲಿನಂತೆ ಬಾಗುವ ನಡುಜಾಗದಲ್ಲಿ, ಒಂದು ಗಂಟು ಬಂದು ಕುಳಿತಿತ್ತು. ಬಂದು ಹನ್ನೊಂದು ವರ್ಷವಾಗಿತ್ತು. ಮೊದಲು ಕಡಲೆಯಷ್ಟಿತ್ತು, ಆಮೇಲೆ ದ್ರಾಕ್ಷಿಯಷ್ಟಾಯಿತು. ಬೋಳುತಲೆಯವನು ಕೂದಲೆಣ್ಣೆ ಮಾರಿದರೆ ಯಾರು ಕೊಳ್ಳುತ್ತಾರೆ? ಮೇಸ್ತ್ರಿ ಬಾಯಿ ಬಿಡಲಿಲ್ಲ. ತನ್ನ ಬಲಗಾಲಿಗೆಂದು ಒಂದು ಅಚ್ಚು ಮಾಡಿ, ಗಂಟು ಬೆಳೆದಂತೆಲ್ಲ ತೊಗಲು ಕೂರಿಸಿ, ‘ಊರು ಬಿಟ್ಟ ಗಿರಾಕಿ’ ಎಂದು ಚೀಟಿ ಕಟ್ಟಿ, ಮೇಲಿನ ಹಲಗೆಯ ಹಿಂಬದಿಗೆ ತಳ್ಳಿದ. ಹೆಂಡತಿಯ ಜೊತೆ ಸಂಜೆ ಕೆರೆಯ ತನಕ ನಡೆದುಬರುವ ರೂಢಿಯಿತ್ತು. ಅದನ್ನೂ ಅದೇ ವರ್ಷ ನಿಲ್ಲಿಸಿದ. ಕೇಳಿದಾಗಲೆಲ್ಲ “ಕೆಲಸ ಇದೆ ಕಣೇ” ಎನ್ನುತ್ತಿದ್ದ. ಕೊನೆಗೆ ಅವಳು ಕೇಳುವುದನ್ನು ಬಿಟ್ಟು ಒಬ್ಬಳೇ ಹೋಗಿಬರತೊಡಗಿದಳು.

ಗುಟ್ಟು ಒಡೆದದ್ದು ಕಸದ ಗಾಡಿಯಿಂದ. ಒಂದು ಬೆಳಿಗ್ಗೆ ಗಾಡಿ ಬಾಗಿಲಲ್ಲಿ ಬಂದು ಹಾರ್ನ್ ಹೊಡೆಯಿತು. ಹೆಂಡತಿ ಅವಸರದಲ್ಲಿ ಕಾಲಿಗೆ ಸಿಕ್ಕ ಗಂಡನ ಜೋಡನ್ನೇ ಮೆಟ್ಟಿ ಹೊರಟಳು. ಮೂರನೇ ಹೆಜ್ಜೆಗೆ ಬಲಗಾಲು ಒಳಗೆ ಕುಸಿಯಿತು, ಕಸದ ಬುಟ್ಟಿ ಗಾಡಿಗೆ ಬೀಳುವ ಬದಲು ಗಾಡಿಯವನ ಮೇಲೆ ಬಿತ್ತು. ಅವನಿಗೆ ಕ್ಷಮೆ ಕೇಳಿ, ಒಳಬಂದು, ಜೋಡನ್ನು ಕಿಟಕಿಯ ಬೆಳಕಿಗೆ ಹಿಡಿದಳು.

“ರೀ! ಜೋಡಿನೊಳಗೆ ಬಾವಿ ತೋಡಿದೀರಲ್ಲ, ಯಾರಿಗೆ ನೀರು ಸೇದೋಕೆ?”

“ಅದು... ತೊಗಲು ಸವೆದಿರ್ಬೇಕು.”

“ನಿಮ್ಮ ತೊಗಲು ಸವೆಯೋದನ್ನ ನಾನು ನೋಡಿಲ್ವಾ? ಕಾಲು ತೋರ್ಸಿ.”

ತೋರಿಸಿದ. ಹೆಂಡತಿ ಹೆಬ್ಬೆರಳಿನಿಂದ ಒತ್ತಿದಳು. ಮೇಸ್ತ್ರಿ ಮುಖ ಕಿವುಚಿದ.

“ಯಾವಾಗಿಂದ ಇದು?”

ಹನ್ನೊಂದು ವರ್ಷದ ಮಾತು ಗಂಟಲಿನ ತನಕ ಬಂತು. ಹೆಂಡತಿಯ ಕಣ್ಣು ಕಂಡು, ಬಂದ ದಾರಿಯಲ್ಲೇ ಮರಳಿತು. “ಹೋದ ತಿಂಗಳಿಂದ” ಎಂದ ಮೇಸ್ತ್ರಿ. ಸುಳ್ಳಿಗೆ ಅಷ್ಟು ಸಾಲದೆಂದು, “ಜೋಡು ಹಳೇದು, ಹಳ್ಳ ಮಾತ್ರ ಹೊಸದು” ಎಂದೂ ಸೇರಿಸಿದ.

ಅಷ್ಟರಲ್ಲಿ ಹೆಂಡತಿಯ ತಮ್ಮ ಬಂದ. ಯಾವ ಮಾತನ್ನೂ ‘ನನಗೆ ಗೊತ್ತು’ ಎಂದೇ ಆರಂಭಿಸುತ್ತಿದ್ದುದರಿಂದ ಬೀದಿಯವರು ಅವನನ್ನು ಗೊತ್ತಪ್ಪ ಎಂದು ಕರೆಯುತ್ತಿದ್ದರು.

“ನನಗೆ ಗೊತ್ತು ಭಾವ, ಇದು ಒಳಗೊಳಗೇ ಬೇರು ಬಿಡೋ ಜಾತಿ. ನಮ್ಮ ಆಫೀಸಿನ ಲಿಫ್ಟಿನವನಿಗೆ ಥೇಟ್ ಹೀಗೇ ಬಂದಿತ್ತು.”

“ಅವನಿಗೇನಾಯ್ತು?” ಎಂದ ಮೇಸ್ತ್ರಿ.

“ಏನೂ ಆಗ್ಲಿಲ್ಲ. ಆದ್ರೆ ಆಗ್ಬಹುದಿತ್ತು!”

ಆ ದಿನವೇ ಮೂವರೂ ಮೂಳೆ ಡಾಕ್ಟರ ಬಳಿ ಹೋದರು. ಡಾಕ್ಟರು ಒತ್ತಿದರು, ಬೆರಳುಗಳನ್ನು ಹಿಂದಕ್ಕೆ ಬಾಗಿಸಿ ಮತ್ತೆ ಒತ್ತಿದರು. ಕೋಣೆಯ ದೀಪ ಆರಿಸಿ ಗಂಟಿನ ಪಕ್ಕಕ್ಕೆ ಟಾರ್ಚ್ ಹಿಡಿದರು. ಒಳಗೆ ನೀರಿದ್ದರೆ ಗಂಟು ಕೆಂಪಗೆ ಬೆಳಗುತ್ತದೆಯಂತೆ. ಬೆಳಗಲಿಲ್ಲ.

“ಯಾವಾಗಿಂದ ಇದೆ?”

ಮೇಸ್ತ್ರಿ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಹೆಂಡತಿ ಹೇಳಿದಳು: “ಒಂದು ತಿಂಗಳಿಂದ ಡಾಕ್ಟ್ರೇ.”

ಡಾಕ್ಟರ ಪೆನ್ನು ನಿಂತಿತು. “ಒಂದೇ ತಿಂಗಳಲ್ಲಿ ಇಷ್ಟು ದೊಡ್ಡದಾಯ್ತಾ?”

ಮೇಸ್ತ್ರಿ ಒಮ್ಮೆ ಡಾಕ್ಟರನ್ನು ನೋಡಿದ, ಒಮ್ಮೆ ಹೆಂಡತಿಯನ್ನು ನೋಡಿದ. ಇಬ್ಬರಲ್ಲಿ ಡಾಕ್ಟರೇ ಸೌಮ್ಯವಾಗಿ ಕಂಡರು. “ಹೂಂ” ಎಂದ.

“ನಿಧಾನಕ್ಕೆ ಬೆಳೆಯೋ ಗಂಟಿಗೆ ನಾವು ಹೆದರಲ್ಲ. ಓಡೋಡಿ ಬೆಳೆಯೋದಕ್ಕೆ ಹೆದರ್ತೀವಿ” ಎಂದರು ಡಾಕ್ಟರು. “ಸ್ಕ್ಯಾನ್ ಎಲ್ಲಾ ಮಾಡಿಸ್ಕೊಂಡು ಬನ್ನಿ. ಶುಕ್ರವಾರ ಕೊಯ್ದು ಒಂದು ತುಂಡು ಪರೀಕ್ಷೆಗೆ ಕಳಿಸೋಣ. ಕೆಟ್ಟದ್ದು ಅಂತ ಬಂದ್ರೆ ಸುತ್ತಮುತ್ತ ಅಗಲಕ್ಕೆ ತೆಗೀಬೇಕಾಗುತ್ತೆ. ಆಗ ನಾಲ್ಕೈದು ತಿಂಗಳು ಈ ಕಾಲನ್ನ ನೆಲಕ್ಕೆ ಊರೋ ಹಾಗಿಲ್ಲ.”

ಹೊಲಿಯುವಾಗ ಜೋಡನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಹಾಯಿಸಿದ ತೊಗಲಿನ ಪಟ್ಟಿಯ ತುದಿಯನ್ನು ಬಲ ಅಂಗಾಲಿನಡಿ ಒತ್ತಿಹಿಡಿಯುವುದು ಆ ಕಸುಬಿನ ಕ್ರಮ. ಬಲಗಾಲೆಂದರೆ ಮೇಸ್ತ್ರಿಗೆ ಮೂರನೆಯ ಕೈ. ಆ ಕಾಲೇ ಹೋದರೆ ಅಂಗಡಿ ಇದ್ದೂ ಇಲ್ಲ. ಒಂದು ಸಣ್ಣ ಸುಳ್ಳು ಕತ್ತಿ ಹಿಡಿದು ನಿಂತಿರುವುದನ್ನು ಅವನು ಕಣ್ಣಾರೆ ಕಂಡ. ಆದರೂ ಬಾಯಿ ಬಿಡಲಿಲ್ಲ. ಸ್ಕ್ಯಾನಿನಲ್ಲಿ ತಾನಾಗಿಯೇ ಏನಾದರೂ ತಿಳಿದೀತು ಎಂದು, ಸತ್ಯ ಹೇಳುವ ಕೆಲಸವನ್ನು ಯಂತ್ರಕ್ಕೆ ವಹಿಸಿದ.

ಸ್ಕ್ಯಾನಿಂಗ್ ಕೇಂದ್ರದಲ್ಲಿ ಚಿತ್ರ ಓದುವವರು ಒಬ್ಬ ಡಾಕ್ಟರಮ್ಮ. ಮೊದಲು ಕಾಲಿನ ಎಕ್ಸ್‌ರೇ ಆಯಿತು, ಮೂಳೆಗಳು ಲಕ್ಷಣವಾಗಿದ್ದವು. ಆಮೇಲೆ ಡಾಕ್ಟರಮ್ಮ ಅಂಗಾಲಿಗೆ ತಣ್ಣನೆಯ ಅಂಟು ಸವರಿ, ಅಲ್ಟ್ರಾಸೌಂಡಿನ ಹಿಡಿಯನ್ನು ಅದರ ಮೇಲೆ ಆಡಿಸಿದರು. ಮೇಸ್ತ್ರಿಯ ಕಣ್ಣು ಪರದೆಗೆ ಅಂಟಿಕೊಂಡಿತು. ಚರ್ಮ, ಅದರಡಿ ಕೊಬ್ಬು, ಅದರಡಿ ಹುರಿಗೊಳಿಸಿದಂಥ ಒಂದು ಪಟ್ಟಿ, ಅದರಾಚೆ ಮಾಂಸ.

“ನಾಲ್ಕು ಪದರದ ಅಟ್ಟೆ!” ಎಂದ, ತನ್ನ ಆಪತ್ತನ್ನು ಮರೆತು. “ಯಾರೋ ಬಲ್ಲವರೇ ಹೊಲಿದಿದಾರೆ.”

“ಮೂರನೇ ಪದರ ನೋಡಿ” ಎಂದರು ಡಾಕ್ಟರಮ್ಮ. “ಹಿಮ್ಮಡಿಯಿಂದ ಬೆರಳಿನವರೆಗೆ ಎಳೆದು ಕಟ್ಟಿರೋ ಪಟ್ಟಿ ಅದು. ನಿಮ್ಮ ಗಂಟು ಆ ಪಟ್ಟಿಗೇ ಅಂಟಿಕೊಂಡಿದೆ. ನೀರಿನ ಗುಳ್ಳೆ ಅಲ್ಲ, ಗಟ್ಟಿ ಇದೆ. ಎಷ್ಟು ದಿನ ಆಯ್ತು ಅಂದ್ರಿ?”

ಹೆಂಡತಿ ತಲೆಯ ಬಳಿಯೇ ನಿಂತಿದ್ದಳು. “ಒಂದು ತಿಂಗಳು.”

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ, ಬುಧವಾರ ಎಂಆರ್‌ಐ ಮಾಡುವುದೆಂದರು.

ಬುಧವಾರ ಮೇಸ್ತ್ರಿ ಅಂಗಡಿಯಿಂದ ನೇರವಾಗಿ ಬಂದ. ಎಂಆರ್‌ಐ ಕೋಣೆಯ ಬಾಗಿಲಲ್ಲಿ ಟೆಕ್ನಿಷಿಯನ್ ತಡೆದು ನಿಲ್ಲಿಸಿದ. ಒಳಗಿರುವುದು ಆನೆಯನ್ನು ಎಳೆಯುವಂಥ ಆಯಸ್ಕಾಂತ. ಅದರ ಕಾವಲಿನಲ್ಲೇ ಅವನ ತಲೆ ನರೆತಿತ್ತು.

“ಉಂಗುರ, ಬೀಗದ ಕೈ, ಗಡಿಯಾರ ಎಲ್ಲಾ ತೆಗೆದ್ರಾ? ಮೈಮೇಲೆ ಲೋಹ ಏನೂ ಇಲ್ವಲ್ಲ?”

ಮೇಸ್ತ್ರಿ ಇಲ್ಲವೆಂದು ತಲೆಯಾಡಿಸಿದ.

“ಬಾಯಲ್ಲಿ ಹೇಳ್ಬೇಕು.”

“ಉಹೂಂ” ಎಂದ ಮೇಸ್ತ್ರಿ, ತುಟಿ ಬಿಚ್ಚದೆ.

ಟೆಕ್ನಿಷಿಯನ್‌ಗೆ ಸಂಶಯ ಬಂತು. “ಬಾಯಿ ತೆಗೀರಿ.”

ತೆಗೆದ. ಕೆಳದುಟಿಯ ಹಿಂದೆ ಮೂರು ಹಿತ್ತಾಳೆ ಮೊಳೆಗಳು ಸಾಲಾಗಿ ಮಲಗಿದ್ದವು. ಕೆಲಸಕ್ಕೆ ಕುಳಿತಾಗ ಮೊಳೆಗಳನ್ನು ಬಾಯಲ್ಲಿಟ್ಟುಕೊಂಡು ಒಂದೊಂದಾಗಿ ತೆಗೆದು ಹೊಡೆಯುವುದು ಅವನಿಗೆ ಹುಟ್ಟುಗುಣದಂತಾಗಿತ್ತು. ಬಾಯಲ್ಲಿ ಮೊಳೆಯಿಲ್ಲದಿದ್ದರೆ ಏನೋ ಮರೆತಂತಾಗುತ್ತಿತ್ತು.

“ಹಿತ್ತಾಳೆ ಸ್ವಾಮಿ, ಆಯಸ್ಕಾಂತ ಮೂಸಿ ಕೂಡ ನೋಡಲ್ಲ” ಎಂದ ಮೇಸ್ತ್ರಿ, ಅಂಗೈಗೆ ಉಗಿದು.

“ಇದುವರೆಗೆ ಎಷ್ಟು ನುಂಗಿದೀರಿ?”

“ಯಾರು ಎಣಿಸ್ತಾರೆ?”

ಟೆಕ್ನಿಷಿಯನ್ ಹಣೆ ಒರೆಸಿಕೊಂಡ. ಮೊದಲು ಹೊಟ್ಟೆಯ ಎಕ್ಸ್‌ರೇ ಆಯಿತು. ಹೊಟ್ಟೆಯಲ್ಲಿ ಮೊಳೆ ಇರಲಿಲ್ಲ; ಬೆಳಗಿನ ತಿಂಡಿ ಮಾತ್ರ ಇತ್ತು. ಬೀದಿಯ ಕೆಲವರು ಒಂದು ಮೊಳೆ ಇತ್ತೆನ್ನುತ್ತಾರೆ, ಮೂಲೆಯಂಗಡಿಯವರು ಅದನ್ನು ಒಪ್ಪುವುದಿಲ್ಲ.

ಬಳಿಕ ಟೆಕ್ನಿಷಿಯನ್ ಗಂಟಿನ ಮೇಲೆ ಮೀನೆಣ್ಣೆಯ ಮಾತ್ರೆಯೊಂದನ್ನು ಟೇಪಿನಿಂದ ಅಂಟಿಸಿದ. ಚಿತ್ರದಲ್ಲಿ ಅದು ಬೆಳ್ಳಗೆ ಹೊಳೆದು ಗಂಟು ಇಲ್ಲಿದೆ ಎಂದು ಗುರುತು ಹೇಳುತ್ತದೆ. ಬಾಗಿಲ ಸಂದಿಯಿಂದ ಇಣುಕಿದ್ದ ಗೊತ್ತಪ್ಪ ಹೊರಗೆ ಕೂತವರಿಗೆಲ್ಲ, “ನನಗೆ ಗೊತ್ತು, ಈಗೆಲ್ಲ ಮಾತ್ರೆ ನುಂಗಲ್ಲ, ಎಲ್ಲಿ ನೋವೋ ಅಲ್ಲೇ ಅಂಟಿಸ್ತಾರೆ” ಎಂದು ವಿವರಿಸಿದ. ಅಲ್ಲಿ ಕುಳಿತಿದ್ದ ತಲೆನೋವಿನವನೊಬ್ಬ ಹಣೆ ಮುಟ್ಟಿಕೊಂಡು ಯೋಚನೆಗಿಳಿದ.

“ಕಾಲು ಒಂದಿಷ್ಟೂ ಅಲುಗಾಡ್ಬಾರ್ದು” ಎಂದು ಹೇಳಿ ಟೆಕ್ನಿಷಿಯನ್ ಯಂತ್ರ ಹಚ್ಚಿದ. ಟಕ್ ಟಕ್ ಟಕ್, ಧಡಧಡ, ಟಕ್. ಮೇಸ್ತ್ರಿ ಕಿವಿಗೊಟ್ಟ. ಸುತ್ತಿಗೆಯ ಸದ್ದೇ, ಆದರೆ ಹೊಡೆಯುವವನಿಗೆ ಲಯವಿಲ್ಲ. ಅಯ್ಯೋ, ಹೀಗೆ ಬಡಿದರೆ ಅಟ್ಟೆ ಒಡೆದೀತು ಎಂದು ಮರುಗುತ್ತಿದ್ದಂತೆ, ಅವನಿಗೆ ಅರಿವಿಲ್ಲದೆ ಬಲಗಾಲು ಸರಿಯಾದ ಲಯ ಹಾಕಿಕೊಡಲಾರಂಭಿಸಿತು. ಮೊದಲ ಚಿತ್ರದಲ್ಲಿ ಒಂದು ಪಾದಕ್ಕೆ ಹದಿನೈದು ಬೆರಳು ಬಂದವು. ಎರಡನೆಯದರಲ್ಲಿ ಹನ್ನೆರಡು. ಮೂರನೆಯ ಸಲ ಟೆಕ್ನಿಷಿಯನ್ ಕಾಲಿನ ಸುತ್ತ ದಿಂಬು ತುರುಕಿ, ಪಟ್ಟಿ ಬಿಗಿದು, “ಇದು ನಿಮ್ಮಂಗಡಿ ಅಲ್ಲ ಮೇಸ್ತ್ರೀ!” ಎಂದು ಕೈಮುಗಿದ.

ಗುರುವಾರ ಬೆಳಿಗ್ಗೆ ಡಾಕ್ಟರಮ್ಮ ಮೂವರನ್ನೂ ಕೂರಿಸಿಕೊಂಡರು. ಪರದೆಯ ಮೇಲೆ ಪಾದವನ್ನು ಉದ್ದಕ್ಕೆ ಸೀಳಿದಂಥ ಚಿತ್ರ. ಮಾತ್ರೆ ಮುತ್ತಿನಂತೆ ಹೊಳೆಯುತ್ತಿತ್ತು. ಅದರಡಿಯಲ್ಲಿ ಪಟ್ಟಿಗೆ ಅಂಟಿ ಕುಳಿತ ಗಂಟು ಕಪ್ಪಗೆ ತಣ್ಣಗಿತ್ತು.

“ಕೊಬ್ಬಾಗಿದ್ರೆ ಬೆಳ್ಳಗೆ ಕಾಣ್ಬೇಕಿತ್ತು. ನೀರಾಗಿದ್ರೆ ಇನ್ನೊಂದು ಚಿತ್ರದಲ್ಲಿ ಬೆಳಗ್ಬೇಕಿತ್ತು. ಇದು ಎರಡರಲ್ಲೂ ಕಪ್ಪು. ಪಟ್ಟಿ ಬಿಟ್ಟು ಆಚೆ ಕಾಲಿಟ್ಟಿಲ್ಲ, ಮಾಂಸ ಮುಟ್ಟಿಲ್ಲ, ಮೂಳೆ ಮುಟ್ಟಿಲ್ಲ. ನನ್ನ ಕಣ್ಣಿಗೆ ಇದು ನಾರು ಸೇರಿ ಕಟ್ಟಿದ ಗಂಟು. ಬಡಪಾಯಿ, ಯಾರಿಗೂ ಕೇಡು ಮಾಡಲ್ಲ. ಆದ್ರೆ ಈ ಜಾತಿ ವರ್ಷಗಟ್ಟಲೆ ತಗೊಂಡು ಬೆಳೆಯುತ್ತೆ, ತಿಂಗಳಲ್ಲಿ ಅಲ್ಲ.” ಡಾಕ್ಟರಮ್ಮ ಕುರ್ಚಿ ತಿರುಗಿಸಿದರು. “ಚಿತ್ರ ಒಂದು ಹೇಳ್ತಿದೆ, ನೀವು ಒಂದು ಹೇಳ್ತಿದೀರಿ. ಇಬ್ಬರಲ್ಲಿ ಒಬ್ಬರದ್ದು ಸುಳ್ಳು. ಯಂತ್ರಕ್ಕೆ ಸುಳ್ಳು ಹೇಳೋ ಅಗತ್ಯ ಇಲ್ಲ, ಅದಕ್ಕೆ ಮದುವೆ ಆಗಿಲ್ಲ.”

ಮೇಸ್ತ್ರಿ ಲೆಕ್ಕ ಹಾಕಿದ. ಹೇಳಿದರೆ ಹೆಂಡತಿ, ಹೇಳದಿದ್ದರೆ ಕತ್ತಿ. ಕತ್ತಿ ನಾಳೆ, ಹೆಂಡತಿ ಇವತ್ತು, ನಾಳೆ, ನಾಡಿದ್ದು. ಬಲಗಾಲನ್ನೊಮ್ಮೆ ನೋಡಿಕೊಂಡ. “ಹನ್ನೊಂದು ವರ್ಷ” ಎಂದ, ನೆಲಕ್ಕೆ.

ಇದು ಗೊತ್ತಪ್ಪನಿಗೂ ಗೊತ್ತಿರಲಿಲ್ಲ.

“ಸಂಜೆ ನಡೆಯೋಕೆ ಬನ್ನಿ ಅಂದ್ರೆ ಕೆಲಸ ಇದೆ ಅಂತಿದ್ರಲ್ಲ” ಎಂದಳು ಹೆಂಡತಿ. “ಆ ಕೆಲಸ ಇದೇನಾ?”

“ಹೂಂ.”

“ನನ್ನ ಜೊತೆ ಬೇಜಾರು ಅಂತ ಅಲ್ವಾ?”

“ಛೇ, ಛೇ! ಕಾಲು ನೋಯ್ತಿತ್ತು ಕಣೇ. ಮೇಸ್ತ್ರಿ ಕುಂಟ್ತಾನೆ ಅಂತ ಬೀದಿಯೋರು ಆಡ್ಕೊಳ್ತಾರೆ ಅಂತ...”

ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಮೇಸ್ತ್ರಿ ‘ಬದುಕಿದೆ’ ಎಂದುಕೊಂಡ. ಒರೆಸಿ ಮುಗಿದ ಮೇಲೆ ಅವಳು ಡಾಕ್ಟರಮ್ಮನ ಕಡೆ ತಿರುಗಿದಳು. “ಇವರ ಮಾತು ನಂಬ್ಬೇಡಿ ಡಾಕ್ಟ್ರೇ. ಹನ್ನೊಂದು ವರ್ಷ ಸುಳ್ಳು ಹೇಳಿದೋರು ಇವತ್ತೇ ಹರಿಶ್ಚಂದ್ರ ಆಗ್ತಾರಾ? ನಾಳೆ ಕೊಯ್ಸ್ಕೊಳ್ಳೋದು ತಪ್ಪಿಸ್ಕೊಳ್ಳೋಕೆ ಹೇಳ್ತಿದ್ರೆ?”

“ನ್ಯಾಯವಾದ ಮಾತು” ಎಂದರು ಡಾಕ್ಟರಮ್ಮ. “ಮೂಳೆ ಡಾಕ್ಟರೂ ಇದನ್ನೇ ಕೇಳ್ತಾರೆ. ಇದರ ಹಳೇ ಚಿತ್ರ ಏನಾದ್ರೂ ಇದೆಯಾ?”

“ಚಿತ್ರ ಇಲ್ಲ” ಎಂದ ಮೇಸ್ತ್ರಿ. “ಅಚ್ಚಿದೆ.”

ಗೊತ್ತಪ್ಪ ಅಂಗಡಿಗೆ ಓಡಿ, ಮೇಲಿನ ಹಲಗೆಯ ಹಿಂಬದಿಯಿಂದ ‘ಊರು ಬಿಟ್ಟ ಗಿರಾಕಿ’ಯನ್ನು ತಂದ. ಡಾಕ್ಟರಮ್ಮ ತೊಗಲಿನ ದಿಬ್ಬವನ್ನು ಅಳೆದರು. ಪರದೆಯ ಗಂಟಿನ ಉಬ್ಬೂ ಅದೂ ಒಂದೇ ಅಳತೆ. ಅವರ ಹುಬ್ಬು ಮೇಲೇರಿತು. “ತಾರೀಖು ಎಲ್ಲಿದೆ?”

“ಪ್ರತಿ ಪದರದ ಅಡಿಯಲ್ಲಿದೆ.”

“ಹಾಗಾದ್ರೆ ಕಿತ್ತು ನೋಡೋಣ.”

ಮೇಸ್ತ್ರಿ ಅಚ್ಚನ್ನು ಎದೆಗವಚಿಕೊಂಡ. “ಕಿತ್ರೆ ಅಚ್ಚು ಹಾಳಾಗುತ್ತೆ ತಾಯೀ! ಒಳಗೇನಿದೆ ಅಂತ ನೋಡೋಕೆ ಯಾರಾದ್ರೂ ಕಿತ್ತು ಹಾಕ್ತಾರಾ?”

ಡಾಕ್ಟರಮ್ಮ ನಕ್ಕರು. “ಈ ಮಾತನ್ನ ಮೂಳೆ ಡಾಕ್ಟರಿಗೆ ನಾನು ಹೇಳ್ಬೇಕಾಗಿತ್ತು. ಬನ್ನಿ, ಕೀಳೋದು ಬೇಡ. ಕೀಳದೆ ನೋಡೋದೇ ಇಲ್ಲಿ ನಮ್ಮ ಕಸುಬು.”

ಎಕ್ಸ್‌ರೇ ಕೋಣೆಯಲ್ಲಿ ಅದೇ ಟೆಕ್ನಿಷಿಯನ್ ಫಾರಂ ಹಿಡಿದು ಕುಳಿತಿದ್ದ. ಫಾರಂ ತುಂಬದೆ ಅವನ ಯಂತ್ರ ಅಲುಗುವುದಿಲ್ಲ.

“ಪೇಷೆಂಟ್ ಹೆಸರು?”

“ಊರು ಬಿಟ್ಟ ಗಿರಾಕಿ.”

“ವಯಸ್ಸು?”

“ಹನ್ನೊಂದು.”

“ಬಾಯಲ್ಲಿ ಮೊಳೆ ಇದೆಯಾ?”

“ಬಾಯಿಲ್ಲ. ಮೊಳೆ ಇದೆ.”

“ಅಲುಗಾಡ್ತಾನಾ?”

“ಇಲ್ಲ, ನನಗಿಂತ ಸಭ್ಯ.”

ಚಿತ್ರ ಬಂತು. ಮರ ಮಂಜಿನಂತೆ ಮಸುಕು. ಅದರೊಳಗೆ ನಾಲ್ಕು ಮೊಳೆ, ಒಂದಕ್ಕಿಂತ ಒಂದು ಎತ್ತರದಲ್ಲಿ, ಮೆಟ್ಟಿಲಿನಂತೆ. ನಾಲ್ಕಕ್ಕೂ ಅಗಲವಾದ ಟೋಪಿತಲೆ. ತಾರೀಖು ಕಾಣಲಿಲ್ಲ, ಪೆನ್ಸಿಲಿನ ಗೆರೆ ಎಕ್ಸ್‌ರೇಗೆ ಸಿಗುವಂಥದಲ್ಲ. ಆದರೆ ಮೇಸ್ತ್ರಿ ಪರದೆಗೆ ಮೂಗು ತಾಗಿಸಿ ಕೂಗಿದ: “ನಾಲ್ಕೂ ಟೋಪಿ ಮೊಳೆ! ಕಬ್ಬಿಣದ್ದು! ಅಂಗಡಿ ಬದಲಾಯಿಸಿದ ಮೇಲೆ ನಾನು ಟೋಪಿ ಮೊಳೆ ಮುಟ್ಟೇ ಇಲ್ಲ. ಆ ಮೊಳೆ ಡಬ್ಬಿ ಕಳೆದುಹೋಯ್ತಲ್ಲ, ಅಂಥದ್ದು ಈಗ ಪೇಟೆಯಲ್ಲೂ ಸಿಗಲ್ಲ, ಆಮೇಲೆಲ್ಲ ತಲೆಯಿಲ್ಲದ ಹಿತ್ತಾಳೆ ಮೊಳೆಯೇ!”

“ಅಂಗಡಿ ಬದಲಾಯಿಸಿ ಆರು ವರ್ಷ” ಎಂದಳು ಹೆಂಡತಿ. ಆ ತಾರೀಖನ್ನು ಅವಳು ಮರೆಯುವಂತಿರಲಿಲ್ಲ. ಇನ್ನೂರು ಮರದ ಕಾಲುಗಳನ್ನು ಒರೆಸಿ ಕಟ್ಟಿದವಳು ಅವಳೇ. “ಅಂದ್ರೆ ಆರು ವರ್ಷದಿಂದ ಒಂದು ಪದರವೂ ಏರಿಲ್ಲ. ಆದ್ರೆ ಡಾಕ್ಟ್ರೇ, ಡಬ್ಬಿ ಕಳೆದುಹೋಯ್ತು ಅಂತ ಹೇಳಿದೋರೂ ಇವರೇ. ಗಂಟು ಬಚ್ಚಿಟ್ಟೋರಿಗೆ ಡಬ್ಬಿ ಬಚ್ಚಿಡೋದು ಕಷ್ಟವಾ? ಹೋದ ತಿಂಗಳು ಅದರಿಂದಲೇ ನಾಲ್ಕೂ ಹೊಡೆದಿದ್ರೆ?”

ಮೇಸ್ತ್ರಿಯ ಬಳಿ ಸಾಕ್ಷಿಯಿರಲಿಲ್ಲ. ಶುಕ್ರವಾರದ ಕತ್ತಿ ಮತ್ತೆ ಮಿಂಚಿತು.

ಆಗ ಬಾಗಿಲ ಬಳಿಯಿಂದ ಒಂದು ಸಣ್ಣ ದನಿ ಕೇಳಿಸಿತು. “ನನಗೆ ಗೊತ್ತು.”

“ನಿನ್ನ ಲಿಫ್ಟಿನವನ ಕತೆ ಈಗ ಬೇಡ” ಎಂದಳು ಅಕ್ಕ.

“ಲಿಫ್ಟಿನವನದಲ್ಲ ಅಕ್ಕಾ. ಡಬ್ಬಿದು.” ಗೊತ್ತಪ್ಪ ತನ್ನ ಜೋಡಿನ ತುದಿಯನ್ನೇ ನೋಡುತ್ತಿದ್ದ. “ಡಬ್ಬಿ ಮೋರಿಯಲ್ಲಿದೆ. ಅವತ್ತು ಸಾಮಾನು ಸಾಗಿಸುವಾಗ ನನ್ನ ಕೈಯಿಂದಲೇ ಬಿತ್ತು. ಸೇತುವೆ ಹತ್ರ. ಬಗ್ಗಿ ನೋಡ್ದೆ, ಮೊಳೆಯೆಲ್ಲ ಮುಳುಗಿತು.”

“ಅಂದ್ರೆ ಆರು ವರ್ಷದಿಂದ ‘ಭಾವ ಎಲ್ಲೋ ಮರೆತಿದಾರೆ’ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದ್ದು ಸುಳ್ಳಾ?”

“ಭಾವ ಬೈತಾರೆ ಅಂತ...”

ಮೇಸ್ತ್ರಿ ಎದ್ದು ಭಾವಮೈದನನ್ನು ತಬ್ಬಿಕೊಂಡ. ಆ ಮನೆತನದಲ್ಲಿ ಮೊಳೆ ಕಳೆದದ್ದಕ್ಕೆ ಒಬ್ಬ ಇನ್ನೊಬ್ಬನನ್ನು ತಬ್ಬಿಕೊಂಡದ್ದು ಅದೇ ಮೊದಲು.

ಡಾಕ್ಟರಮ್ಮ ವರದಿ ಬರೆದರು. ಚಿತ್ರದ ಲಕ್ಷಣಗಳೆಲ್ಲ ನಿರಪಾಯದ ನಾರುಗಂಟಿನವು. ಆರು ವರ್ಷದಿಂದ ಬೆಳೆದಿಲ್ಲ. ಇದಕ್ಕೆ ಆಧಾರ: ಮರದ ಕಾಲಿನ ಎಕ್ಸ್‌ರೇ, ಒಂದು. ಭಾವಮೈದನ ಹೇಳಿಕೆ, ಒಂದು. ಶುಕ್ರವಾರ ಮೂಳೆ ಡಾಕ್ಟರು ಅದನ್ನು ಎರಡು ಸಲ ಓದಿ, ಮೇಸ್ತ್ರಿಯ ಮುಖವನ್ನು ಒಂದು ಸಲ ನೋಡಿ, ಕೊಯ್ಯಬೇಕಾದವರ ಪಟ್ಟಿಯಿಂದ ಅವನನ್ನು ಹೊಡೆದುಹಾಕಿದರು. ಆರು ತಿಂಗಳಿಗೊಮ್ಮೆ ಬಂದು ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಬೇಕು, ಅಷ್ಟೇ. ಆಮೇಲೆ ಔಷಧಿ ಚೀಟಿಯಲ್ಲಿ ಒಂದೇ ಸಾಲು ಬರೆದು ಕೊಟ್ಟರು. ಹೆಂಡತಿ ಗಟ್ಟಿಯಾಗಿ ಓದಿದಳು: “ಗಂಟಿಗೆ ಒತ್ತಡ ಬೀಳದಂತೆ ಒಳಗೆ ಹಳ್ಳವಿರುವ ಜೋಡನ್ನು ಒಳ್ಳೆಯ ಕಸುಬುದಾರನಿಂದ ಮಾಡಿಸಿಕೊಳ್ಳುವುದು.”

“ಅಂಥವರು ನಮ್ಮ ಬೀದಿಯಲ್ಲಿ ಯಾರಿದಾರೋ, ವಿಚಾರಿಸ್ಬೇಕು” ಎಂದಳು, ನಗದೆ.

ಹೊರಗೆ ಬಂದಾಗ ಮೇಸ್ತ್ರಿ ಆಟೋಗೆ ಕೈ ಎತ್ತಿದ. ಹೆಂಡತಿ ಆ ಕೈಯನ್ನು ಇಳಿಸಿದಳು.

“ಹಳ್ಳ ತೋಡಿದ ಜೋಡೇ ಹಾಕಿದೀರಲ್ಲ. ಕೆರೆ ಇಲ್ಲಿಂದ ಎಷ್ಟು ದೂರ?”

“ಅಂಗಡಿಯಲ್ಲಿ ಕೆಲ...” ಎಂದು ಆರಂಭಿಸಿದ ಮೇಸ್ತ್ರಿ, ಉಳಿದ ಅಕ್ಷರವನ್ನು ಮೊಳೆಯಂತೆ ತುಟಿಯ ಹಿಂದೆಯೇ ಇಟ್ಟುಕೊಂಡು ನಡೆದ. ಅರ್ಧ ದಾರಿಯಲ್ಲಿ ಕುಂಟಿದ. ಹೆಂಡತಿ ಕಂಡೂ ಕಾಣದಂತೆ ಹೆಜ್ಜೆ ನಿಧಾನ ಮಾಡಿದಳು.

ಆ ಅಚ್ಚು ಈಗ ಮುಂದಿನ ಹಲಗೆಯಲ್ಲಿ, ಎಲ್ಲರಿಗೂ ಕಾಣುವಂತಿದೆ. ಹಳೆಯ ಚೀಟಿ ಹೋಗಿ, ಹೆಂಡತಿಯ ಅಕ್ಷರದಲ್ಲಿ ‘ನಮ್ಮನೆಯವರು’ ಎಂಬ ಹೊಸ ಚೀಟಿ ಬಂದಿದೆ. ಅದರ ಮೇಲೆ ಕಿಟಕಿಯ ಗಾಜಿಗೆ ಅಂಟಿಸಿದ ಎಕ್ಸ್‌ರೇಯಲ್ಲಿ ನಾಲ್ಕು ಮೊಳೆಗಳು ಹಗಲಿನ ಬೆಳಕಿಗೆ ಹೊಳೆಯುತ್ತವೆ. ಇದು ಯಾರ ಕಾಲು ಎಂದು ಹೊಸ ಗಿರಾಕಿಗಳು ಕೇಳಿದಾಗ, ಅಲ್ಲೇ ಕುಳಿತ ಗೊತ್ತಪ್ಪ “ನನಗೆ ಗೊತ್ತು” ಎಂದು ಉತ್ಸಾಹದಿಂದ ಎದ್ದುನಿಲ್ಲುತ್ತಾನೆ. ಕತೆ ಮೋರಿಗೆ ಹೋಗಿ ಮುಟ್ಟುತ್ತದೆಂಬುದು ನೆನಪಾಗಿ, ಮತ್ತೆ ಕುಳಿತುಕೊಳ್ಳುತ್ತಾನೆ.